ಪರ್ವತಿ ಬುಡದ ಕೆನಾಲ್ ಚಿತ್ರ: ಬರೆದವರು ಯಾರು?

ಸಿಂಹಗಡ ರೋಡ್ ಸೊಸೆ:
ಪುಣೆಯ ಹಳಬರು, ಚಿತ್ರಕಲೆ ಬಲ್ಲವರು ಇದನ್ನು ಸ್ವಲ್ಪ ನೋಡಿಕೊಡಬೇಕು. ನಮ್ಮ ಮಾವನವರ ತಂದೆ ಧಾರವಾಡದಿಂದ ನೌಕರಿಗೆಂದು ಪುಣೆಗೆ ಬಂದವರು. ಶನಿವಾರ ಪೇಠೆಯ ಒಂದು ವಾಡೆಯಲ್ಲಿ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದರು. ಅವರ ಕಾಲದಿಂದ ಮನೆಯಲ್ಲಿ ಒಂದು ವಾಟರ್ ಕಲರ್ ಚಿತ್ರ ಇದೆ. ಈಗ ವಾಡೆ ಬಿಲ್ಡರ್ ಕೈಗೆ ಹೋಗಿದೆ. ಸಾಮಾನು ಹಂಚುವಾಗ ಚಿತ್ರವನ್ನು ನಾನು ಕೇಳಿ ತಗೊಂಡೆ.

ಫೋಟೋ ಹಾಕಿದ್ದೇನೆ. ಚಿತ್ರದಲ್ಲಿ ಒಂದು ಕಾಲುವೆ. ಎಡಗಡೆ ಕೆಳಮೂಲೆಯಿಂದ ಶುರುವಾಗಿ ನಡುವೆ ತಿರುಗಿ ದೂರ ಹೋಗುತ್ತದೆ. ಬಲಗಡೆ ಗುಡ್ಡ, ಮೇಲೆ ದೇವಸ್ಥಾನದ ಶಿಖರ. ಅದು ಪುಣೆಯ ಪರ್ವತಿ ಗುಡ್ಡ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ದಂಡೆ ಮೇಲೆ ಒಂದು ಜಾಲಿ ಮರ. ನೀರಂಚಿನ ಕಲ್ಲಿನ ಮೇಲೆ ಒಬ್ಬ ಹೆಂಗಸು ಬಟ್ಟೆ ಸೆಣೆಯುತ್ತಿದ್ದಾಳೆ. ಅವಳ ಕೆಂಪು ಸೀರೆ ಬ್ರಷ್ಷಿನ ಒಂದೇ ಎಳೆತ, ಅಷ್ಟೇ. ಆದರೆ ಬಗ್ಗಿದ ಬೆನ್ನು ಅದರಲ್ಲೇ ಪೂರ್ತಿ ಕಾಣುತ್ತದೆ. ಅಳತೆ ಸುಮಾರು 15 ಇಂಚು ಅಗಲ, 11 ಇಂಚು ಎತ್ತರ. ಸಹಿ ಕೆಳಗೆ ಬಲಮೂಲೆಯಲ್ಲಿದೆ, ಆದರೆ ಸುತ್ತಲಿನ ಮೌಂಟ್, ಅಂದರೆ ಫ್ರೇಮಿನೊಳಗಿನ ರಟ್ಟಿನ ಅಂಚು, ಅದರ ಮೇಲೆ ಬಂದುಬಿಟ್ಟಿದೆ. ಅಕ್ಷರಗಳ ತಲೆಗೆರೆ ಮಾತ್ರ ಕಾಣುತ್ತದೆ, ಅಂದರೆ ದೇವನಾಗರಿ.

ಯಾರು ಬರೆದದ್ದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. "ಅಜ್ಜನ ಗೆಳೆಯರು ಯಾರೋ ಕೊಟ್ಟದ್ದು" ಅನ್ನುವ ಮಾತು ಮಾತ್ರ ಉಳಿದಿದೆ. ಮಾರುವ ಯೋಚನೆ ಇಲ್ಲ. ಇಷ್ಟು ಚೆನ್ನಾಗಿ ಬರೆದ ಮನುಷ್ಯನ ಹೆಸರು ಚಿತ್ರದ ಜೊತೆಗೆ ಇರಬೇಕು ಅಂತ ನನ್ನ ಆಸೆ. ಎಲ್ಲಿಂದ ಶುರು ಮಾಡಲಿ?

ಹಳೇ ಕಾಗದ:
ಅಕ್ಕಾ, ಮೊದಲು ಒಂದು ಮಾತು. ಚಿತ್ರದ ಮುಖ ಒರೆಸಬೇಡಿ, ಒದ್ದೆ ಬಟ್ಟೆಯಂತೂ ಹತ್ತಿರ ತರಲೇಬೇಡಿ. ವಾಟರ್ ಕಲರ್ ಎಷ್ಟು ಹಳೆಯದಾದರೂ ನೀರು ತಗುಲಿದರೆ ಏಳುತ್ತದೆ. ನಾನು ಹಳೆಯ ಕಾಗದಪತ್ರ ಜೋಪಾನ ಮಾಡುವ ಕೆಲಸದಲ್ಲಿದ್ದೇನೆ, ಹೀಗೆ ಹಾಳಾದದ್ದನ್ನು ಕಣ್ಣಾರೆ ನೋಡಿದ್ದೇನೆ.

ಚಿತ್ರದ ಹಿಂಭಾಗ ಹೇಗಿದೆ? ಬರೆದವರು ಯಾರು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಹಿಂದೆಯೇ ಇರುತ್ತದೆ. ಫ್ರೇಮ್ ಅಂಗಡಿಯ ಚೀಟಿ, ಪೆನ್ಸಿಲ್‌ನಲ್ಲಿ ಬರೆದ ಬೆಲೆ, ಪ್ರದರ್ಶನಕ್ಕೆ ಹೋಗಿದ್ದರೆ ಅದರ ನಂಬರು. ಬಿಚ್ಚುವ ಮೊದಲು ಹಿಂದಿನ ಪೂರ್ತಿ ಫೋಟೋ ತೆಗೆಯಿರಿ. ಚೀಟಿ ಅಂಟಿದ್ದ ಕಂದು ಕಾಗದ ಹರಿದು ಬಿದ್ದರೂ ಎಸೆಯಬೇಡಿ. ಫ್ರೇಮಿನವನ ಹತ್ತಿರ ಕೊಟ್ಟು ಬರಬೇಡಿ, ಎದುರಿಗೇ ಕೂತು ಬಿಚ್ಚಿಸಿ. ಎಷ್ಟೋ ಜನ "ಹೊಸದು ಹಾಕಿಕೊಟ್ಟಿದ್ದೇನೆ ನೋಡಿ" ಅಂತ ಹಳೆಯ ಹಲಗೆ, ಚೀಟಿ ಎಲ್ಲ ಕಸಕ್ಕೆ ಹಾಕಿರುತ್ತಾರೆ.

ಇನ್ನೊಂದು ವಿಷಯ. ವಾಟರ್ ಕಲರ್‌ನ ಪೂರ್ತಿ ಹಾಳೆ 22ಕ್ಕೆ 30 ಇಂಚು ಇರುತ್ತದೆ. ನಿಮ್ಮದು 11ಕ್ಕೆ 15, ಸರಿಯಾಗಿ ಕಾಲು ಹಾಳೆ. ಒಂದು ಹಾಳೆ ಕೊಂಡು ನಾಲ್ಕು ಮಾಡಿಕೊಂಡವರು. ಒಳ್ಳೆಯ ಕಾಗದ ಆಗ ವಿಲಾಯತಿಯಿಂದ ಬರುತ್ತಿತ್ತು, ತುಟ್ಟಿ. ಸಂಬಳದ ಮನುಷ್ಯ ಇರಬೇಕು ಅಂತ ನನ್ನ ಊಹೆ.

ನಿವೃತ್ತ ಓವರ್‌ಸೀಯರ್:
ನಾನು ನೀರಾವರಿ ಇಲಾಖೆಯಲ್ಲಿ ಇದ್ದವನು, ಈ ಕೆನಾಲ್ ದಂಡೆ ಮೇಲೆ ಸೈಕಲ್ ತುಳಿದವನು. ಇದು ಮುಠಾ ಬಲದಂಡೆ ಕಾಲುವೆ. ಖಡಕ್‌ವಾಸ್ಲಾ ಅಣೆಕಟ್ಟು 1870ರ ದಶಕದಲ್ಲಿ ಕಟ್ಟಿದ್ದು. ಕರ್ನಲ್ ಫೈಫ್ ಅನ್ನುವ ಇಂಜಿನಿಯರ್ ಹಾಕಿದ ಯೋಜನೆ, ಅದಕ್ಕೇ ಕೆರೆಗೆ ಫೈಫ್ ಲೇಕ್ ಅನ್ನುವ ಹೆಸರೂ ಬಂತು. ಅಲ್ಲಿಂದ ಹೊರಟ ಕಾಲುವೆ ಸಿಂಹಗಡ ರಸ್ತೆ ಕಡೆಯಿಂದ ಬಂದು ಪರ್ವತಿ ಬುಡ ದಾಟಿ ಸ್ವಾರಗೇಟ್, ಹಡಪಸರ್ ಮೇಲೆ ದೌಂಡ್, ಇಂದಾಪುರ ಕಡೆ ಹೋಗುತ್ತದೆ. 2018ರ ಸೆಪ್ಟೆಂಬರ್ 27ರಂದು ಒಡೆದು ದಾಂಡೇಕರ್ ಪುಲ್ ಹತ್ತಿರದ ಮನೆಗಳಿಗೆಲ್ಲ ನೀರು ನುಗ್ಗಿತಲ್ಲ, ಅದೇ ಕಾಲುವೆ.

ಈಗ ಚಿತ್ರ ನೋಡಿ. ನೀರು ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ, ಗುಡ್ಡ ದಕ್ಷಿಣಕ್ಕಿದೆ. ಚಿತ್ರದಲ್ಲಿ ಗುಡ್ಡ ಬಲಕ್ಕಿರುವುದರಿಂದ ಬರೆದವರು ಪೂರ್ವಕ್ಕೆ, ಅಂದರೆ ನೀರು ಹೋಗುವ ದಿಕ್ಕಿಗೆ ಮುಖ ಮಾಡಿ ಕೂತಿದ್ದಾರೆ. ಗುಡ್ಡದ ಈಚೆ ಬದಿ ಪೂರ್ತಿ ನೀಲಿ ನೆರಳಲ್ಲಿದೆ ನೋಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಗುಡ್ಡದ ಉತ್ತರದ ಮೈಗೆ ಬಿಸಿಲು ಕಡಿಮೆ. ಮರದ ನೆರಳು ನಮ್ಮ ಕಡೆಗೆ ಬಿದ್ದಿದೆ, ಅಂದರೆ ಬೆಳಗಿನ ಹೊತ್ತು. ಇದು ಮನೆಯಲ್ಲಿ ಕೂತು ನೆನಪಿನಿಂದ ಬರೆದದ್ದಲ್ಲ ಅಂತ ನಾನು ಬರೆದುಕೊಡುತ್ತೇನೆ. ನೀರೂ ಪೂರ್ತಿ ಇಲ್ಲ, ದಂಡೆಯ ಒದ್ದೆ ಮಣ್ಣಿನ ಗೆರೆ ಕಾಣುತ್ತದೆ. ಒಂದು ಪಾಳಿ ಮುಗಿದು ನೀರು ಇಳಿಸಿದಾಗ ಹೀಗೇ ಕಾಣುವುದು. ಕಾಲುವೆ ನೋಡಿ ಬರೆದವರಿಗೆ ಮಾತ್ರ ಈ ಗೆರೆ ಹೊಳೆಯುತ್ತದೆ.

ಕಾಲ ಯಾವುದು ಅಂದರೆ, ಎಡಗಡೆ ಬರೀ ಹೊಲ ಇದೆ, ಗುಡ್ಡದ ಸುತ್ತ ಒಂದೂ ಮನೆ ಇಲ್ಲ. 1961ರಲ್ಲಿ ಅಣೆಕಟ್ಟು ಒಡೆದು ಪ್ರವಾಹ ಆದ ಮೇಲೆ ಸಂತ್ರಸ್ತರಿಗಾಗಿ ಸಹಕಾರನಗರ, ಗೋಖಲೆನಗರದ ಕಡೆ ಕಾಲೊನಿಗಳು ಎದ್ದವು. ಪರ್ವತಿ ಸುತ್ತಲಿನ ಚಹರೆಯೇ ಬದಲಾಯಿತು. ಹಾಗಾಗಿ 1961ಕ್ಕಿಂತ ಮೊದಲಿನದು ಅಂತ ನನ್ನ ಅಂದಾಜು.

ಗಿರಗಾಂವ್ ಕುಂಚ:
ಸರ್, ನೆರಳಿನ ಲೆಕ್ಕ ಓದಿ ತುಂಬಾ ಖುಷಿಯಾಯಿತು. ನಾನು ಮುಂಬೈನಲ್ಲಿ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತವಳು. ಅಕ್ಕಾ, ಕೈ ಕಲಿತದ್ದೇ. ಆಕಾಶ ನೋಡಿ, ಒಂದೇ ಸಲ ನೀರು ಹರಿಸಿ ಬಿಟ್ಟಿದ್ದಾರೆ, ಮತ್ತೆ ಮುಟ್ಟಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲಿನ ಬಿಳಿ ಬಣ್ಣವಲ್ಲ, ಕಾಗದವನ್ನೇ ಬಿಟ್ಟದ್ದು. ಎಲ್ಲಿ ಬಿಡಬೇಕು ಅಂತ ಮೊದಲೇ ತೀರ್ಮಾನಿಸಿದವರಿಗೆ ಮಾತ್ರ ಇದು ಬರುತ್ತದೆ.

ಹೆಸರು ಹುಡುಕಲು ಎರಡು ದಾರಿ ಇದೆ. ಒಂದು, ಪ್ರದರ್ಶನಗಳ ಕ್ಯಾಟಲಾಗ್. ಬಾಂಬೆ ಆರ್ಟ್ ಸೊಸೈಟಿ 1888ರಿಂದ ಇದೆ, ಆರ್ಟ್ ಸೊಸೈಟಿ ಆಫ್ ಇಂಡಿಯಾ 1918ರಿಂದ. ಹಳೆಯ ಕ್ಯಾಟಲಾಗ್‌ಗಳಲ್ಲಿ ಕಲಾವಿದರ ಹೆಸರು, ಚಿತ್ರದ ಹೆಸರು ಸಿಗುತ್ತದೆ. ಆದರೆ ಅಲ್ಲಿಗೆ ಕಳಿಸಿದವರ ಹೆಸರು ಮಾತ್ರ ಸಿಗುತ್ತದೆ ಅನ್ನುವುದು ನೆನಪಿರಲಿ. ಭಾನುವಾರ ಸೈಕಲ್ ಏರಿ ಹೋಗಿ ಬರೆದು, ಗೆಳೆಯರ ಮದುವೆಗೆ ಉಡುಗೊರೆ ಕೊಟ್ಟವರು ಆ ಪಟ್ಟಿಯಲ್ಲಿ ಇರುವುದಿಲ್ಲ.

ಎರಡನೇ ದಾರಿ ಶಾಲೆ. ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಆ ಕಾಲದ ಊರಿನ ಕಲಾವಿದರಲ್ಲಿ ಬಹಳ ಜನ ಡ್ರಾಯಿಂಗ್ ಮಾಸ್ತರರು. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ ಮುಗಿಸಿ, ಡಿ.ಟಿ.ಸಿ. (ಡ್ರಾಯಿಂಗ್ ಟೀಚರ್ಸ್ ಸರ್ಟಿಫಿಕೇಟ್) ಮಾಡಿ ಹೈಸ್ಕೂಲಿಗೆ ಸೇರುತ್ತಿದ್ದರು. ಇದರಲ್ಲಿ ನಮ್ಮವರೂ ಬೇಕಾದಷ್ಟು ಜನ ಇದ್ದರು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲ ಮುಂಬೈ ಆಡಳಿತದಲ್ಲೇ ಇದ್ದವು, ಡ್ರಾಯಿಂಗ್ ಪರೀಕ್ಷೆಯೂ ಮುಂಬೈಯದೇ. ಡಿ.ವಿ. ಹಾಲಭಾವಿಯವರು ಜೆ.ಜೆ.ಯಲ್ಲಿ ಕಲಿತು ಧಾರವಾಡಕ್ಕೆ ಹೋಗಿ ಕಲಾಶಾಲೆ ತೆರೆದರು. ಮುಂಬೈನಲ್ಲಿ ಜಿ.ಎಸ್. ದಂಡಾವತಿಮಠ ಅವರ ನೂತನ ಕಲಾ ಮಂದಿರ ಇತ್ತು. ಕಟ್ಟಿಂಗೇರಿಯ ಹೆಬ್ಬಾರರು, ಕಲಬುರಗಿಯ ಎಸ್.ಎಂ. ಪಂಡಿತರು ಹೆಸರಾದರು, ಸರಿ. ಅದೇ ಪರೀಕ್ಷೆ ಬರೆದು, ಅದೇ ಬಣ್ಣದ ಡಬ್ಬಿ ಹಿಡಿದು, ಸಣ್ಣ ಊರಿನ ಶಾಲೆಗೆ ಹೋದವರ ಬಗ್ಗೆ ಯಾರು ಬರೆದರು? ನನಗೆ ಇದು ಯಾವಾಗಲೂ ಹೊಟ್ಟೆಗೆ ಚುಚ್ಚುವ ವಿಷಯ.

ಸಿಂಹಗಡ ರೋಡ್ ಸೊಸೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ 'ಹಳೇ ಕಾಗದ' ಅವರೇ ಮನೆಗೆ ಬಂದು ನಿಧಾನಕ್ಕೆ ಬಿಚ್ಚಿಕೊಟ್ಟರು. ಹಿಂದಿನ ಮೊಳೆಗಳಿಗೆ ತುಕ್ಕು ಹಿಡಿದಿತ್ತು. ಅವರು ಒಂದೊಂದನ್ನೂ ಇಕ್ಕಳದಲ್ಲಿ ನೇರಕ್ಕೆ ಎಳೆದು, ಪೊಟ್ಟಣ ಕಟ್ಟಿ ಬದಿಗಿಟ್ಟರು.

ಸಿಕ್ಕಿದ್ದು ಹೀಗಿದೆ. ಫ್ರೇಮ್ ಅಂಗಡಿ ಚೀಟಿಯ ಮೇಲಿನ ಅರ್ಧ ಹುಳು ತಿಂದಿದೆ, ಕೆಳಗೆ "ಪೂನಾ 2" ಅಂತ ಇಂಗ್ಲಿಷಿನಲ್ಲಿದೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 4-8-0. ಕಾಗದವನ್ನು ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ನೀರಚ್ಚು (ವಾಟರ್‌ಮಾರ್ಕ್) ಕಂಡಿತು, ವಾಟ್‌ಮನ್ ಅನ್ನುವ ಕಾಗದ ಕಂಪನಿಯ ಹೆಸರಿನ ಬಾಲ ಮಾತ್ರ. ಮೌಂಟ್ ಸರಿಸಿದಾಗ ಸಹಿ ಕಾಣಿಸಿತು. ಆದರೆ ಹಳೆಯ ಅಂಟಿನಿಂದ ಮೊದಲ ಅಕ್ಷರಗಳು ಎದ್ದುಹೋಗಿವೆ. ಉಳಿದದ್ದು "ಕರ" ಅನ್ನುವ ಕೊನೆ, ಅದರ ಕೆಳಗೆ ಎರಡು ಅಂಕಿ. 51 ಇರಬೇಕು, ಇಲ್ಲವೇ 59. ದೇವನಾಗರಿ ಕೈಬರಹದಲ್ಲಿ ಒಂದು ಮತ್ತು ಒಂಬತ್ತು ಹತ್ತಿರ ಹತ್ತಿರ ಅಲ್ವಾ.

ಹಳೇ ಕಾಗದ:
51 ಅನ್ನುವ ಕಡೆ ನನ್ನ ಒಲವು. 4-8-0 ಅಂದರೆ ನಾಲ್ಕು ರೂಪಾಯಿ ಎಂಟಾಣೆ. ನಯೇ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅದಾದ ಮೇಲೂ ಜನ ಆಣೆ ಲೆಕ್ಕ ಬಿಡಲಿಲ್ಲ ಅನ್ನುವುದು ನಿಜ, ಆದರೆ ಅಂಗಡಿಯವನು ಬಿಲ್ಲಿನ ಅಂಕಿಯನ್ನು ಹೀಗೆ ಅಡ್ಡಗೆರೆ ಹಾಕಿ ಬರೆದದ್ದು ಹಳೆಯ ರೂಢಿ. "ಪೂನಾ 2" ಅನ್ನುವುದು ಹಳೆಯ ಅಂಚೆ ವಲಯದ ನಂಬರು, ನಮಗೆ ಹೆಚ್ಚು ಸಹಾಯ ಮಾಡುವುದಿಲ್ಲ. ಆರಂಕಿಯ ಪಿನ್ ಕೋಡ್ 1972ರ ಆಗಸ್ಟ್ 15ಕ್ಕೆ ಬಂತು, ಅದಕ್ಕಿಂತ ಮೊದಲಿನದು ಅಂತಷ್ಟೇ ಹೇಳಬಹುದು. ನೀರಚ್ಚಿನಲ್ಲಿ ಇಸವಿ ಇರುವ ಭಾಗ ಅದೇ ಹಾಳೆಯ ಉಳಿದ ಮೂರು ತುಂಡುಗಳಲ್ಲಿ ಎಲ್ಲೋ ಹೋಗಿದೆ.

ಬೆಳಗಾವಿ ನಾಕಾ:
"ಕರ" ಅಂದರೆ ಮಹಾರಾಷ್ಟ್ರದಲ್ಲಿ ಅರ್ಧ ಜನ ಆಗುತ್ತಾರಲ್ರೀ. ನಮ್ಮ ಬೆಳಗಾವಿ, ಧಾರವಾಡ ಕಡೆಯೂ ಕಡಿಮೆ ಇಲ್ಲ. ಅಡ್ಡಹೆಸರಿನ ಮೇಲೆ ಮರಾಠಿಯವರೋ ಕನ್ನಡದವರೋ ಅಂತ ಹೇಳಲಿಕ್ಕೆ ಆಗುವುದಿಲ್ಲ. ನಿಮ್ಮ ಅಜ್ಜನವರು ಯಾವ ಆಫೀಸು, ಯಾರ ಜೊತೆ ಒಡನಾಟ, ಮನೆಯಲ್ಲಿ ಮಕ್ಕಳು ಯಾವ ಶಾಲೆಗೆ ಹೋದರು, ಅದನ್ನು ಮೊದಲು ಕೇಳಿ. ಹಳೆಯ ಚಿತ್ರ ಅಂಗಡಿಯಿಂದ ಬಂದದ್ದಕ್ಕಿಂತ ಒಡನಾಟದಿಂದ ಬಂದದ್ದೇ ಹೆಚ್ಚು.

ಕೋಥ್ರೂಡ್ ಅಜ್ಜ:
ನನ್ನ ಮೊಮ್ಮಗಳು ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಟೈಪ್ ಮಾಡುತ್ತಿದ್ದಾಳೆ. ನಾನು ನಾರಾಯಣ ಪೇಠೆಯಲ್ಲಿ ಬೆಳೆದವನು. ನಮ್ಮ ಹೈಸ್ಕೂಲಿನಲ್ಲಿ ಒಬ್ಬ ಡ್ರಾಯಿಂಗ್ ಸರ್ ಇದ್ದರು, ಅವರ ಅಡ್ಡಹೆಸರು "ಕರ" ಅಂತಲೇ ಮುಗಿಯುತ್ತಿತ್ತು. ಕರಿ ಟೊಪ್ಪಿಗೆ, ಬಿಳಿ ಧೋತರ, ಸೈಕಲ್ಲಿನ ಹಿಂದೆ ಒಂದು ಹಲಗೆ ಕಟ್ಟಿರುತ್ತಿದ್ದರು. ಭಾನುವಾರ ಕೆನಾಲ್ ಕಡೆ, ಇಲ್ಲವೇ ವಿಠ್ಠಲವಾಡಿ ಕಡೆ ಹೋಗುತ್ತಿದ್ದರು. ನಮ್ಮಂಥ ಹುಡುಗರು ಬೆನ್ನು ಹತ್ತಿದರೆ ಬೈಯುತ್ತಿರಲಿಲ್ಲ. ನೀರು ತರಲು ಇನಾಮೆಲ್ ಮಗ್ ಕೈಗೆ ಕೊಡುತ್ತಿದ್ದರು.

ಒಂದು ವಿಷಯ ಚೆನ್ನಾಗಿ ನೆನಪಿದೆ. ಹೊಸ ಬಣ್ಣದ ಡಬ್ಬಿ ತಂದರೆ ಅದರೊಳಗಿನ ಕಪ್ಪು ಬಿಲ್ಲೆಯನ್ನು ತೆಗೆಸಿ ಮೇಜಿನ ಖಾನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ವರ್ಷದ ಕೊನೆಗೆ ವಾಪಸ್. ನೆರಳಿಗೆ ಕಪ್ಪು ಹಾಕಬಾರದು, ನೀಲಿಗೆ ಕಾವಿ ಸೇರಿಸಿ ಮಾಡಿ ಅನ್ನುತ್ತಿದ್ದರು.

1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆಯಿತು. ಅದರ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾವೂ ಒಡೆಯಿತು. ಲಕಡಿ ಪುಲ್ ಮೇಲೆ ನೀರು ಹೋಯಿತು. ನದಿ ಬದಿಯ ಪೇಠೆಗಳಲ್ಲಿ ಎಷ್ಟೋ ವಾಡೆಗಳು ಮಣ್ಣಾದವು. ಸರ್ ಇದ್ದ ಮನೆ ನೆಲದ ಮಟ್ಟದ್ದು. ಜನರಿಗೆ ಏನೂ ಆಗಲಿಲ್ಲ, ಆದರೆ ಚಿತ್ರಗಳಿದ್ದ ಟ್ರಂಕ್ ಹೋಯಿತು. ಶಾಲೆ ಮತ್ತೆ ಶುರುವಾದಾಗ ಅವರು ಬಂದು ಎಂದಿನಂತೆ ಪಾಠ ಮಾಡಿದರು.

ಗಿರಗಾಂವ್ ಕುಂಚ:
ಅಜ್ಜಾ, ಓದಿ ಸುಮ್ನೆ ಕೂತುಬಿಟ್ಟೆ. ಫೋಟೋ ದೊಡ್ಡದು ಮಾಡಿ ಮತ್ತೆ ನೋಡಿದೆ. ಚಿತ್ರದಲ್ಲಿ ಕಪ್ಪು ಎಲ್ಲೂ ಇಲ್ಲ. ಜಾಲಿ ಮರದ ಬೊಡ್ಡೆಯ ಕತ್ತಲೆ ಕೂಡ ನೀಲಿ ಮತ್ತು ಕಾವಿ ಬೆರೆತದ್ದು. ಎರಡೂ ಪೂರ್ತಿ ಬೆರೆಯದೆ ಅಂಚಿನಲ್ಲಿ ಬೇರೆಬೇರೆಯಾಗಿ ನಿಂತಿವೆ. ಆದರೂ ಇಷ್ಟರ ಮೇಲೆ ಇವರೇ ಅಂತ ಹೇಳುವ ಹಾಗಿಲ್ಲ. ಕಪ್ಪು ಬಳಸಬೇಡಿ ಅನ್ನುವ ಪಾಠ ಆಗಿನ ಬಹಳಷ್ಟು ಮಾಸ್ತರರದು, ನಮಗೂ ಅದನ್ನೇ ಹೇಳಿದ್ದರು. ಸಹಿ ಪೂರ್ತಿ ಇರುವ ಇನ್ನೊಂದು ಚಿತ್ರ ಸಿಗಬೇಕು. ಅಜ್ಜಾ, ನಿಮ್ಮ ಕ್ಲಾಸಿನವರ ಮನೆಯಲ್ಲಿ ಯಾರ ಹತ್ತಿರವಾದರೂ ಇದೆಯೇ?

ಕೋಥ್ರೂಡ್ ಅಜ್ಜ:
ಕೇಳಿ ನೋಡುತ್ತೇನೆ. ನಮ್ಮ ಬ್ಯಾಚಿನವರು ಇನ್ನೂ ಕೆಲವರಿದ್ದೇವೆ. ಒಬ್ಬನ ಅಕ್ಕನ ಮದುವೆಗೆ ಸರ್ ಚಿತ್ರ ಕೊಟ್ಟ ನೆನಪು.

ಸಿಂಹಗಡ ರೋಡ್ ಸೊಸೆ:
ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ, ಆದರೆ ಸುದ್ದಿ ಇದೆ.

ಕೋಥ್ರೂಡ್ ಅಜ್ಜನವರ ಗೆಳೆಯರ ಮನೆಯಲ್ಲಿ ಆ ಮದುವೆಯ ಚಿತ್ರ ಸಿಕ್ಕಿತು. ಲಕಡಿ ಪುಲ್ ಮತ್ತು ನದಿಯ ದೃಶ್ಯ, ಅದೂ ಕಾಲು ಹಾಳೆ. ಸಹಿ ಪೂರ್ತಿ ಇದೆ, ಕೆಳಗೆ ಇಸವಿ 53. ಎರಡೂ ಸಹಿಗಳ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆವು. "ಕ"ದ ಹೊಟ್ಟೆ ಸುತ್ತಿ ಬಂದ ಗೆರೆ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಹಾರುತ್ತದೆ, ಎರಡರಲ್ಲೂ ಹಾಗೇ. ಐದರ ಅಂಕಿಯೂ ಒಂದೇ ಕೈಯದು. 'ಗಿರಗಾಂವ್ ಕುಂಚ' ಅವರು ರೈಲು ಹಿಡಿದು ಬಂದು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರು. ಶಾಲೆಯ ಹಳೆಯ ವಾರ್ಷಿಕಾಂಕದಲ್ಲಿ ಶಿಕ್ಷಕರ ಪಟ್ಟಿ ಸಿಕ್ಕಿತು, ಹೆಸರಿನ ಮುಂದೆ ಡಿ.ಟಿ.ಸಿ. ಅಂತಲೂ ಇದೆ.

ಆ ಹೆಸರು ಹಿಡಿದು ಮನೆಯವರನ್ನು ಹುಡುಕಿದೆವು. ಮಾಸ್ತರರ ಮೊಮ್ಮಗಳು ಪುಣೆಯಲ್ಲೇ ಇದ್ದಾರೆ. ಅವರ ಹಿರಿಯರು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯವರು, ಮನೆಯಲ್ಲಿ ಮರಾಠಿಯೂ ಇತ್ತು, ಕನ್ನಡವೂ ಇತ್ತು. ಶನಿವಾರ ಪೇಠೆಯಲ್ಲಿ ಒಬ್ಬ ಧಾರವಾಡದ ಗೆಳೆಯರ ಮನೆಗೆ ಮಾಸ್ತರರು ಸಂಜೆ ಹೋಗಿ ಕೂಡುತ್ತಿದ್ದರು ಅಂತ ಅವರ ತಾಯಿ ಹೇಳುತ್ತಿದ್ದರಂತೆ. ಆ ಗೆಳೆಯರು ನಮ್ಮ ಮನೆಯವರೇ ಇರಬೇಕು. ನಮ್ಮ ಮನೆಯಲ್ಲಿ ಚಿತ್ರ ಎರಡನೇ ಮಹಡಿಯಲ್ಲಿ ಇದ್ದದ್ದರಿಂದ ಪ್ರವಾಹದಲ್ಲಿ ಉಳಿಯಿತು. ಮಾಸ್ತರರ ಮನೆಯಲ್ಲಿ ಅವರ ಒಂದು ಚಿತ್ರವೂ ಇಲ್ಲ. ಇಟ್ಟುಕೊಂಡಿದ್ದೆಲ್ಲ ಹೋಯಿತು, ಕೊಟ್ಟದ್ದು ಮಾತ್ರ ಉಳಿಯಿತು.

ಹೆಸರು ಇಲ್ಲಿ ಹಾಕುತ್ತಿಲ್ಲ. ಮೊದಲು ಅವರ ಚಿಕ್ಕಪ್ಪಂದಿರ ಮನೆಯಲ್ಲೂ ಕೇಳಬೇಕು ಅಂತ ಆಕೆ ಹೇಳಿದ್ದಾರೆ, ಅದು ನ್ಯಾಯವೇ. ನಮ್ಮ ಚಿತ್ರದ ಹಿಂದೆ, ಹೊಸ ಹಲಗೆಯ ಮೇಲೆ, ಪೂರ್ತಿ ಹೆಸರು, ಊರು, ಇಸವಿ, ಯಾರು ಯಾರಿಗೆ ಕೊಟ್ಟದ್ದು ಎಲ್ಲವನ್ನೂ ಕನ್ನಡ ಮತ್ತು ಮರಾಠಿ ಎರಡರಲ್ಲೂ ಬರೆದು ಅಂಟಿಸಿದ್ದೇನೆ.

ಹಳೇ ಕಾಗದ:
ಅಂಟಿಸಿದ್ದು ಹಲಗೆಗೆ, ಕಾಗದಕ್ಕಲ್ಲ ತಾನೇ? ಒಳ್ಳೆಯದು. ಹೊಸ ಮೌಂಟ್ ಹುಳಿ (ಆಸಿಡ್) ಇಲ್ಲದ ಬೋರ್ಡಿನದೇ ಇರಲಿ. ಹಳೆಯದು ಹುಳಿ ಬಿಟ್ಟೇ ಅಂಚು ಕಂದಾದದ್ದು. ಹೊರಗೋಡೆಗೆ ನೇತು ಹಾಕಬೇಡಿ, ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ. ಬಿಸಿಲು ಬೀಳುವ ಜಾಗವೂ ಬೇಡ.

ಇನ್ನೊಂದು ಮಾತು. ಮೊಮ್ಮಗಳಿಗೆ ಒಳ್ಳೆಯ ಸ್ಕ್ಯಾನ್ ಮಾಡಿಸಿ ಕೊಡಿ. ಕಾರ್ಡು, ಕ್ಯಾಲೆಂಡರ್ ಅಂತ ಎಲ್ಲಾದರೂ ಅಚ್ಚು ಹಾಕುವ ಮನಸ್ಸಿದ್ದರೆ ಅವರ ಒಪ್ಪಿಗೆ ಬೇಕು. ಚಿತ್ರ ನಿಮ್ಮದು, ಆದರೆ ಅದರ ಕಾಪಿರೈಟ್ ಬರೆದವರು ತೀರಿಕೊಂಡ 60 ವರ್ಷದವರೆಗೆ ಅವರ ಮನೆಯವರದು.

ಸಿಂಹಗಡ ರೋಡ್ ಸೊಸೆ:
ಸ್ಕ್ಯಾನ್ ಆಗಿದೆ, ಅಳತೆಗೆ ಅಳತೆ ಪ್ರಿಂಟ್ ತೆಗೆಸಿ ಫ್ರೇಮ್ ಹಾಕಿಸಿ ಅವರ ಮನೆಗೆ ತಲುಪಿಸಿದ್ದೇನೆ. ಕೋಥ್ರೂಡ್ ಅಜ್ಜನವರನ್ನೂ ಕರೆದುಕೊಂಡು ಹೋಗಿದ್ದೆ. ಕಪ್ಪು ಬಿಲ್ಲೆಯ ಕಥೆ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಿವೃತ್ತ ಓವರ್‌ಸೀಯರ್:
ಬಹಳ ಸಂತೋಷ ಆಯಿತಮ್ಮಾ. ಚಿತ್ರದಲ್ಲಿರುವ ತಿರುವು ನೋಡಲು ಹೋಗುವುದಿದ್ದರೆ ಹೇಳು, ಜಾಗ ನಾನು ತೋರಿಸುತ್ತೇನೆ.

ಹಡಪಸರ್ ಹುಡುಗ:
ಮೊದಲಿಂದ ಓದುತ್ತಿದ್ದೆ, ಈಗ ಬರೆಯುತ್ತಿದ್ದೇನೆ. ನಮ್ಮ ಸೋದರತ್ತೆಯ ಮನೆಯಲ್ಲಿ ಇಂಥದ್ದೇ ಒಂದು ಚಿತ್ರ ಇದೆ. ನದಿ ದಡದ ಒಂದು ದೇವಸ್ಥಾನ, ವಿಠ್ಠಲವಾಡಿ ಅಂತ ಅತ್ತೆ ಹೇಳುತ್ತಾರೆ. ಸಹಿ ಇದೆ, ಮಸುಕಾಗಿದೆ. ಅತ್ತೆ ಅದೇ ಶಾಲೆಯ ಹತ್ತಿರ ಇದ್ದವರು. ಏನು ಕಳಿಸಲಿ?

ಸಿಂಹಗಡ ರೋಡ್ ಸೊಸೆ:
ಫ್ರೇಮ್ ಬಿಚ್ಚಬೇಡಿ. ಮುಂದಿನದು ಒಂದು, ಹಿಂದಿನದು ಒಂದು, ಸಹಿಯ ಹತ್ತಿರ ಸ್ಕೇಲ್ ಇಟ್ಟು ಒಂದು ಫೋಟೋ ತೆಗೆದು ಇಲ್ಲೇ ಹಾಕಿ. ಗಾಜು ಹೊಳೆಯದ ಹಾಗೆ ಕಿಟಕಿ ಬದಿಯಿಂದ ತೆಗೆಯಿರಿ, ಫ್ಲ್ಯಾಶ್ ಬೇಡ. ಅತ್ತೆಯವರಿಗೆ ಅದು ಯಾರಿಂದ, ಯಾವಾಗ ಬಂತು ಅಂತ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.